ಬಿಳಿಯ ಕೆಳಗಿನ ಸಾರಂಗ

"ಉಸಿರು ಬಿಡಬೇಡಿ," ಎಂದಳು ಎಮೆಶೆ. "ಬಿಡಲೇಬೇಕು ಅಂದ್ರೆ ಆ ಕಡೆ ತಿರುಗಿ ಬಿಡಿ."

ನಾನು ಮುಖ ತಿರುಗಿಸಿದೆ. ಮ್ಯೂಸಿಯಂನ ಹಿಂದಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ಚೌಕಟ್ಟು ಬೋರಲಾಗಿ ಮಲಗಿತ್ತು. ಹಳೆಯ ಕಾಗದ, ನಕ್ಷೆ, ಚಿತ್ರಗಳನ್ನು ಸರಿಪಡಿಸುವುದು ಎಮೆಶೆಯ ಕೆಲಸ. ಮೂವತ್ತೈದರ ಆಸುಪಾಸಿನ ಹೆಂಗಸು, ಸದಾ ನೆಗಡಿಯಾದವಳಂತೆ ಮೂಗಿನ ತುದಿ ಕೆಂಪು. ಚೌಕಟ್ಟಿನ ಬೆನ್ನಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತಿದ್ದಳು. ಕೊನೆಯದು ಟಣ್ಣೆಂದು ಬಿದ್ದ ಮೇಲೆ ರಟ್ಟನ್ನು ಮೆಲ್ಲಗೆ ಎತ್ತಿದಳು.

ರಟ್ಟಿನ ಕೆಳಗೆ ಚಿತ್ರದ ಬೆನ್ನು. ಪೂರ್ತಿ ಖಾಲಿ.

"ಏನೂ ಇಲ್ಲವಲ್ಲ," ಎಂದೆ.

"ಏನೂ ಇಲ್ಲದೇ ಇರೋದೇ ತೊಂದರೆ ಇನ್ಸ್‌ಪೆಕ್ಟ್ರೇ. ಅಂಬ್ರುಶ್ ಮಾಮ ಬರೆದದ್ದು ಈ ಮ್ಯೂಸಿಯಂನಲ್ಲಿ ನಲವತ್ತಮೂರು ಚಿತ್ರ ಇದೆ. ಪ್ರತಿಯೊಂದರ ಬೆನ್ನ ಮೇಲೂ ಪೆನ್ಸಿಲಲ್ಲಿ ಏನಾದರೂ ಗೀಚಿರ್ತಾರೆ. ಯಾರ ಮನೆ, ಯಾವ ತಿಂಗಳು, ಆವತ್ತು ಬಿಸಿಲಿತ್ತಾ ಮೋಡ ಇತ್ತಾ. 'ಗಾಳಿ ಜೋರು, ಬಣ್ಣ ಬೇಗ ಒಣಗಿ ಆಕಾಶ ಕೆಟ್ಟಿತು' ಅಂತೆಲ್ಲ. ಇದೊಂದರ ಬೆನ್ನು ಮಾತ್ರ ತೊಳೆದಿಟ್ಟ ತಟ್ಟೆ ಥರ ಇದೆ."

ಅಂಬ್ರುಶ್ ವೆರೆಶ್, ಎಂಬತ್ತೊಂದು ವರ್ಷದ ಜಲವರ್ಣ ಚಿತ್ರಕಾರರು, ತಮ್ಮ ಮನೆಯ ಅಟ್ಟದ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ಅಂದಿಗೆ ಒಂಬತ್ತು ದಿನ. ಕಾಲು ಜಾರಿದ್ದು ಎಂದು ನಮ್ಮ ಠಾಣೆ ಕಡತ ಮುಚ್ಚಿತ್ತು. ಮುಚ್ಚಿದ ಮೇಲೆ ನನಗೊಂದು ಕಾರ್ಡು ಬಂತು. ಸಾಯುವ ಹಿಂದಿನ ದಿನ ಅವರೇ ಅಂಚೆಗೆ ಹಾಕಿದ್ದು.

'ಕಾಲ್ಮಾನ್, ಮ್ಯೂಸಿಯಂನಲ್ಲಿರುವ ಮದುಮಗಳ ಚಿತ್ರದಲ್ಲಿ ಯಾರೋ ಕೈಯಾಡಿಸಿದ್ದಾರೆ. ಫೋನಿನಲ್ಲಿ ಹೇಳುವ ವಿಷಯವಲ್ಲ. ಬೇಗ ಬಾ.'

ನಾನು ಬೇಗ ಹೋಗಲಿಲ್ಲ. ಕಾರ್ಡು ಕೈಗೆ ಬರುವಷ್ಟರಲ್ಲಿ ಅವರನ್ನು ಮಣ್ಣು ಮಾಡಿಯಾಗಿತ್ತು.

ಎಮೆಶೆ ಎರಡೂ ಅಂಗೈ ಕೊಟ್ಟು ಕಾಗದವನ್ನು ಮಗುಚಿದಳು. ಚಿತ್ರ ಮೇಲೆ ಬಂತು. ನಮ್ಮ ನ್ಯಾರ್‌ಪತಕ್ ಊರಿನಲ್ಲಿ ಈ ಚಿತ್ರ ನೋಡದವರಿಲ್ಲ. ಗಾಬೊರ್ ಎಂಬ ರೋಮಾ, ಅಂದರೆ ಜಿಪ್ಸಿ, ಕುಲದವರ ಮನೆಯೊಂದರ ಮದುವೆ, ಸಾವಿರದ ಒಂಬೈನೂರ ಐವತ್ತಾರು. ಕಿಟಕಿಯಿಂದ ಬೆಳಕು. ಅಗಲ ಅಂಚಿನ ಟೋಪಿ ಹಾಕಿ, ಪೊದೆಮೀಸೆ ಬಿಟ್ಟ ಮಾವ ಮೇಜಿನ ತಲೆಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಹದಿನೇಳರ ಮದುಮಗಳು, ನೆರಿಗೆ ನೆರಿಗೆಯ ಕೆಂಪು ಲಂಗ, ತಗ್ಗಿದ ಕಣ್ಣು. ಮೇಜಿನ ಮೇಲೆ ಒಂದು ಬೆಳ್ಳಿಯ ಲೋಟ.

ಆ ಲೋಟವೇ ಎಲ್ಲ ಜಗಳದ ಬೇರು.

ಗಾಬೊರ್‌ಗಳಿಗೆ ಹಳೆಯ ಬೆಳ್ಳಿ ಲೋಟವೆಂದರೆ ಮನೆತನ. ಇಂಥ ಲೋಟ ಇಂಥವರದ್ದು ಎಂದು ಇಡೀ ಕುಲಕ್ಕೆ ಗೊತ್ತಿರುತ್ತದೆ. ಐವತ್ತೊಂಬತ್ತರಲ್ಲಿ ಪೊಲೀಸರು ಬಂದು ಆ ಮನೆಯಿಂದ ಲೋಟವನ್ನು ಎತ್ತಿಕೊಂಡು ಹೋದರು. ಬಿಟ್ಟುಹೋದ ರಸೀತಿಯಲ್ಲಿ 'ಒಂದು ತಗಡಿನ ಲೋಟ' ಎಂದಿತ್ತು. ಈಗ, ಹಳೇ ಕಮ್ಯುನಿಸ್ಟ್ ಸರ್ಕಾರ ಬಿದ್ದು ಒಂಬತ್ತನೇ ವರ್ಷದಲ್ಲಿ, ನಮ್ಮ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಅಂಥದ್ದೇ ಒಂದು ಬೆಳ್ಳಿ ಲೋಟವಿದೆ. ಯಾವುದೋ ಜಮೀನ್ದಾರಿಣಿಯ ಮನೆಯಿಂದ ಬಂದದ್ದು ಎನ್ನುತ್ತದೆ ಪಕ್ಕದ ಚೀಟಿ. ನಮ್ಮದು ಎನ್ನುತ್ತಾರೆ ಗಾಬೊರ್‌ಗಳು. ಸೋಮವಾರ ಕೋರ್ಟು ಈ ಚಿತ್ರವನ್ನು ತರಿಸಿಕೊಂಡು ಪರಿಣತರಿಂದ ನೋಡಿಸಲಿತ್ತು. ಚಿತ್ರದ ಲೋಟದ ಮೇಲೂ ಪೆಟ್ಟಿಗೆಯ ಲೋಟದ ಮೇಲೂ ಒಂದೇ ಗುರುತು ಇದ್ದರೆ ವ್ಯಾಜ್ಯ ಮುಗಿದಂತೆ.

ಗುರುತೆಂದರೆ ಒಂದು ಸಾರಂಗ. ಲೋಟದ ಮೈಮೇಲಿನ ದುಂಡಗಿನ ಪದಕದೊಳಗೆ ಕೆತ್ತಿದ, ಒಂದು ಕೊಂಬು ಮುರಿದ ಸಾರಂಗ.

"ಎಲ್ಲಿದೆ ಸಾರಂಗ?" ಎಂದೆ.

"ಇಲ್ಲ," ಎಂದಳು ಎಮೆಶೆ. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಡ್ಡ ಬೀಳುವಂತೆ ಮಾಡಿದಳು. ನನ್ನ ಕೈಗೆ ಭೂತಗನ್ನಡಿ ಕೊಟ್ಟಳು. "ಪದಕದ ಒಳಗೆ ನೋಡಿ."

ಎಲೆಬಳ್ಳಿ ಇತ್ತು. ಬೂದುಬಣ್ಣದ ಮೂರು ಎಲೆ. ಆದರೆ ಅಡ್ಡ ಬೆಳಕಿನಲ್ಲಿ ಆ ಜಾಗವೊಂದೇ ಗಾಯ ಮಾಗಿದ ಚರ್ಮದಂತೆ ಉಬ್ಬಿತ್ತು. ಎಲೆಗಳ ಕೆಳಗೆ ದಪ್ಪನೆಯ ಬಿಳಿ.

"ಬಿಳಿ ಬಣ್ಣ," ಎಂದೆ.

"ನೀವು ಚಿಕ್ಕವರಿದ್ದಾಗ ಅವರ ಬೀದಿಯಲ್ಲೇ ಇದ್ರಂತಲ್ಲ. ಅವರು ಬಿಳಿ ಬಣ್ಣ ಹಚ್ಚಿದ್ದು ಯಾವತ್ತಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಏಳು ವರ್ಷದವನಿದ್ದಾಗ ಅವರ ಹಿತ್ತಲಲ್ಲಿ ಪಿಯರ್ ಹಣ್ಣಿನ ಆಸೆಗೆ ಎರಡು ಗಂಟೆ ಅಲುಗಾಡದೆ ಕೂತಿದ್ದೆ, ನನ್ನನ್ನೂ ಬರೆಯುತ್ತಾರೆಂದು. ನನ್ನ ಅಂಗಿಯ ಬಿಳಿಗೆ ಅವರು ಏನನ್ನೂ ಹಚ್ಚಲಿಲ್ಲ. ಕೇಳಿದ್ದಕ್ಕೆ, "ಕಾಗದವೇ ಬಿಳಿ ಇದೆಯಲ್ಲೋ ಪೆದ್ದ. ಬಿಟ್ಟುಬಿಟ್ಟರಾಯ್ತು," ಎಂದಿದ್ದರು. ಅವರ ಮನೆಯಲ್ಲಿ ಬಿಳಿಯ ಟ್ಯೂಬೇ ಇರಲಿಲ್ಲ.

"ಕಾಗದ ಹೊಸದು," ಎಂದಳು ಎಮೆಶೆ. "ಕಾಫಿ ನೀರಲ್ಲಿ ಅದ್ದಿ ಹಳದಿ ಮಾಡಿದಾರೆ. ಮೂಲೆಗೆ ಮೂಗಿಟ್ಟರೆ ಇನ್ನೂ ವಾಸನೆ ಇದೆ. ಉಳಿದದ್ದೆಲ್ಲ, ಆ ಲಂಗದ ನೆರಿಗೆ, ಕಿಟಕಿಯ ಬೆಳಕು... ನನಗೇ ಮೋಸ ಆಗೋ ಅಷ್ಟು ಚೆನ್ನಾಗಿದೆ. ಹೀಗೆ ಬರೆಯೋ ಕೈ ಈ ಜಿಲ್ಲೆಯಲ್ಲಿ ಇನ್ನೊಂದೇ ಇರೋದು."

"ಬಾರ್ಣಾ ಮೇಷ್ಟ್ರು."

"ನಾನು ಹೆಸರು ಹೇಳಲಿಲ್ಲ," ಎಂದು ಮೂಗು ಒರೆಸಿಕೊಂಡಳು.

"ಚಿತ್ರ ಯಾವತ್ತಾದರೂ ಹೊರಗೆ ಹೋಗಿತ್ತಾ?"

ಅವಳು ಕಪಾಟಿನಿಂದ ಪುಸ್ತಕ ತೆಗೆದು ಒಂದು ಪುಟಕ್ಕೆ ಬೆರಳಿಟ್ಟಳು. ಆಗಸ್ಟ್ ತಿಂಗಳಲ್ಲಿ ಐದು ದಿನ. ಕಾರಣ: ಚೌಕಟ್ಟಿನ ರಿಪೇರಿ. ತೆಗೆದುಕೊಂಡು ಹೋದವರ ಸಹಿಯನ್ನು ಎರಡು ಸಲ ಓದಿದೆ.

ಅಂಬ್ರುಶ್ ವೆರೆಶ್.

"ಈ ವಿಷಯ ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ," ಎಂದೆ.

"ನಮ್ಮ ಡೈರೆಕ್ಟ್ರಿಗೂ ಬೇಡವಾ?"

"ಅವರಿಗಂತೂ ಬೇಡ."

ಅವಳು ನಕ್ಕಳು. ಯಾಕೆ ನಕ್ಕಳೆಂದು ತಿಳಿಯಲಿಲ್ಲ. ನನಗೆ ಆ ನಗು ಹಿಡಿಸಲಿಲ್ಲ.

ಕೆಳಗಿನ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯ ಎದುರು ಬುರ್ಯಾನ್ ಗಾಬೊರ್ ನಿಂತಿದ್ದ. ನಲವತ್ತು ವರ್ಷ, ಮರದ ಕೊರಡಿನಂಥ ಆಳು. ತಲೆಯ ಮೇಲೆ ಅದೇ ಅಗಲ ಟೋಪಿ, ಕೆಲಸದ ಕೋಟಿನ ತೋಳಿಗೆ ತಗಡಿನ ಹೊಳಪು. ತಗಡಿನ ಛಾವಣಿ, ಮಳೆನೀರಿನ ಕೊಳವೆ ಹಾಕುವುದು ಅವನ ಕಸುಬು. ಚಿತ್ರದಲ್ಲಿ ಕೂತ ಮಾವ ಅವನ ಅಜ್ಜ. ಮದುಮಗಳು ಅವನ ತಾಯಿ. ದಾವೆ ಹೂಡಿದವನು ಅವನೇ. ಪ್ರತಿ ಶುಕ್ರವಾರ ಟಿಕೆಟ್ ಕೊಂಡು ಒಳಗೆ ಬಂದು ಹತ್ತು ನಿಮಿಷ ಆ ಲೋಟದ ಎದುರು ನಿಂತು ಹೋಗುತ್ತಾನೆ.

"ಏನ್ರೀ ಪಿಟೀಲು," ಎಂದ, ತಿರುಗಿ ನೋಡದೆಯೇ. "ನನ್ನ ಲೋಟಕ್ಕೆ ಕಾವಲು ಬಂದ್ರಾ?"

ನಾನೂ ರೋಮಾ. ಆದರೆ ನಮ್ಮದು ವಾದ್ಯದವರ ಕುಲ, ಅವರದ್ದು ತಗಡಿನವರದ್ದು. ನಮ್ಮವರು ತಮ್ಮ ಭಾಷೆ ಮರೆತು ಜಮೀನ್ದಾರರ ಮದುವೆಗಳಲ್ಲಿ ನುಡಿಸಿ ಬದುಕಿದವರೆಂದು ಅವರಿಗೆ ತಾತ್ಸಾರ. ಅದರ ಮೇಲೆ ನನ್ನ ಮೈಮೇಲೆ ಪೊಲೀಸ್ ಕೋಟು.

"ನನ್ನಪ್ಪ ಪಿಟೀಲು ಮುಟ್ಟಿದವನಲ್ಲ ಕಣಯ್ಯ. ಅವನದ್ದು ಡಬಲ್ ಬಾಸು."

"ಅದು ಪಿಟೀಲಿನ ಅಪ್ಪ. ಒಟ್ಟಿನಲ್ಲಿ ತಂತಿಯೇ ತಾನೆ?" ಎಂದು ಗಾಜಿಗೆ ಬೆರಳು ತೋರಿಸಿದ. "ನೋಡಿ, ಕೊಂಬು ಮುರಿದ ಜಾಗದಲ್ಲಿ ಹೊಳಪು ಜಾಸ್ತಿ. ನಮ್ಮಜ್ಜ ಮಾತಾಡೋವಾಗ ಹೆಬ್ಬೆರಳಲ್ಲಿ ಅಲ್ಲೇ ಉಜ್ಜುತಿದ್ದನಂತೆ. ಅಮ್ಮ ಹೇಳ್ತಾಳೆ. ಜಮೀನ್ದಾರಿಣಿ ಅಂತೆ, ಜಮೀನ್ದಾರಿಣಿ! ಅವಳು ಹೆಬ್ಬೆರಳಲ್ಲಿ ಉಜ್ಜುತಿದ್ದಳಾ?"

"ಬುರ್ಯಾನ್, ಹೋದ ವಾರ ಬುಧವಾರ ಮಧ್ಯಾಹ್ನ ಎಲ್ಲಿದ್ದೆ?"

ಅವನು ಈಗ ತಿರುಗಿದ. ಮೀಸೆಯ ಕೆಳಗೆ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

"ಮೇಲಿನ ಹಳ್ಳಿ ಚರ್ಚಿನ ಗೋಪುರದ ಮೇಲೆ. ನಾನು, ನನ್ನ ಬಾವ, ಇನ್ನೂ ಆರು ಜನ. ಪಾದ್ರಿ ಕೆಳಗೆ ನಿಂತ್ಕೊಂಡು ಗಂಟೆಗೊಂದು ಸಲ ಎಣಿಸ್ತಿದ್ದ. ಜಿಪ್ಸಿಗಳಲ್ವಾ, ಚರ್ಚಿನ ಗಂಟೆ ಜೇಬಲ್ಲಿ ಹಾಕ್ಕೊಂಡು ಹೋದ್ರೆ ಅಂತ. ಅವನನ್ನೇ ಕೇಳಿ, ಎಂಟಕ್ಕೆ ಎಂಟೂ ಲೆಕ್ಕ ಕೊಡ್ತಾನೆ." ನಗು ಮಾಯವಾಯಿತು. "ಅಂಬ್ರುಶ್ ಮಾಮ ಕಾಲು ಜಾರಿ ಸತ್ತರು ಅಂದ್ರಿ. ಜಾರಿ ಬಿದ್ದೋರ ಬಗ್ಗೆ ಯಾರು ಎಲ್ಲಿದ್ರು ಅಂತ ಯಾಕ್ರೀ ಕೇಳ್ತೀರಾ?"

ಚುರುಕು ಮನುಷ್ಯ.

"ಚಿತ್ರ ಸರಿಯಾಗಿದೆ ತಾನೆ?" ದನಿ ತಗ್ಗಿತು. "ಮೇಲಿಂದ ಇಳಿದು ಬಂದ್ರಿ. ಗೋಡೆ ಮೇಲೆ ಅದಿಲ್ಲ. ಬಂದಾಗಿಂದ ಖಾಲಿ ಮೊಳೆ ನೋಡ್ಕೊಂಡು ನಿಂತಿದೀನಿ."

"ಕೋರ್ಟಿಗೆ ಹೋಗೋ ಮುಂಚೆ ಧೂಳು ಒರೆಸ್ತಿದಾರೆ," ಎಂದೆ. ನನ್ನ ನಾಲಿಗೆಗೆ ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಬುರ್ಯಾನ್ ನನ್ನನ್ನೇ ನೋಡಿದ. ಆಮೇಲೆ ಟೋಪಿಯ ಅಂಚು ಸರಿಮಾಡಿಕೊಂಡು ಹೊರಟ. ನಂಬಿದನೋ ಇಲ್ಲವೋ ಎಂದು ಬೆನ್ನು ನೋಡಿ ಹೇಳುವುದು ಕಷ್ಟ.

ಅಂಬ್ರುಶ್ ಮಾಮನ ಮನೆ ನದಿಯ ಕಡೆಗೆ ಇಳಿಯುವ ಬೀದಿಯ ಕೊನೆಯಲ್ಲಿದೆ. ಬಾಗಿಲು ತೆರೆದಿತ್ತು. ಮೆಟ್ಟಿಲ ಬುಡದಲ್ಲಿ ಯಾರೋ ಸೇವಂತಿಗೆ ಹೂ ಇಟ್ಟಿದ್ದರು. ಅದನ್ನು ದಾಟಿಕೊಂಡು ಅಟ್ಟಕ್ಕೆ ಹತ್ತಿದೆ.

ಬಾರ್ಣಾ ಮೇಷ್ಟ್ರು ಕಿಟಕಿಯ ಬಳಿ ಕೂತು ಕುಂಚಗಳನ್ನು ಸೋಪಿನಲ್ಲಿ ತೊಳೆಯುತ್ತಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು. ಐವತ್ತು ದಾಟಿದ ಬ್ರಹ್ಮಚಾರಿ. ಹನ್ನೆರಡನೇ ವಯಸ್ಸಿನಿಂದ ಅಂಬ್ರುಶ್ ಮಾಮನ ಶಿಷ್ಯ. ಊರಿನ ಅಂಗಡಿಗಳ ಬೋರ್ಡು ಬರೆದು ಬರೆದು ಅವರ ಸ್ವಂತ ಚಿತ್ರಗಳನ್ನು ಯಾರೂ ಕೇಳದಂತಾಗಿತ್ತು.

"ಬಾರಪ್ಪ ಕಾಲ್ಮಾನ್," ಎಂದರು. "ಯಾರಾದ್ರೂ ತೊಳೀಬೇಕಲ್ಲ ಇವನ್ನ. ನೋಡು, ಈ ದೊಡ್ಡ ಕುಂಚ ನೀರಿನ ಜಾಡಿಯಲ್ಲಿ ತಲೆಕೆಳಗಾಗಿ ನಿಂತಿತ್ತು. ಒಂಬತ್ತು ದಿನ! ಕೂದಲೆಲ್ಲ ಕೊಕ್ಕೆ ಆಗೋಗಿದೆ."

ಆ ಜಾಡಿಯನ್ನು ನಾನು ಮೊದಲ ದಿನವೇ ನೋಡಿದ್ದೆ. ಅದರ ಅರ್ಥ ಆಗ ಹೊಳೆದಿರಲಿಲ್ಲ.

"ಮಾಮ ಕುಂಚಾನ ಹಾಗೆ ಬಿಡ್ತಿದ್ರಾ?"

"ನಾನು ಹುಡುಗನಿದ್ದಾಗ ಒಂದ್ಸಲ ಬಿಟ್ಟಿದ್ದಕ್ಕೆ ಕೆನ್ನೆಗೆ ಬಿಗಿದಿದ್ರು. ಬಾಗಿಲಲ್ಲಿ ಯಾರು ಕರೆದರೂ ಮೊದಲು ಕುಂಚ ಒರೆಸಿ ಮಲಗಿಸಿಯೇ ಏಳ್ತಿದ್ದಿದ್ದು."

ಅಂದರೆ ಆ ಬುಧವಾರ ಅವರಿಗೆ ಕುಂಚ ಒರೆಸುವಷ್ಟು ಸಮಯ ಸಿಕ್ಕಿರಲಿಲ್ಲ. ಬಂದವರು ಕೆಳಗಿನಿಂದ ಕರೆಯಲಿಲ್ಲ. ನೇರ ಮೇಲಕ್ಕೇ ಬಂದಿದ್ದರು.

ನಾನು ಕುರ್ಚಿ ಎಳೆದು ಅವರ ಎದುರಿಗೆ ಕೂತೆ.

"ಮೇಷ್ಟ್ರೇ, ಮದುಮಗಳ ಚಿತ್ರದ ನಕಲು ತುಂಬಾ ಚೆನ್ನಾಗಿ ಬಂದಿದೆ."

ಅವರ ಕೈಯಲ್ಲಿದ್ದ ಸೋಪು ಜಾರಿ ನೆಲದ ಮೇಲೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಯಾವ ನಕಲು?"

"ಕಾಫಿ ನೀರಲ್ಲಿ ಅದ್ದಿದ್ದು."

"ಯಾರು ಹೇಳಿದ್ದು ನಿನಗೆ?"

"ಚಿತ್ರವೇ ಹೇಳ್ತು. ಬುರ್ಯಾನ್‌ನ ಕುಟುಂಬಕ್ಕೆ ಉಳಿದಿದ್ದ ಒಂದೇ ಒಂದು ಸಾಕ್ಷಿ ಅದು. ಅದನ್ನ ಅಳಿಸೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು? ಮಾಮನಿಗೆ ಗೊತ್ತಾಯ್ತು. ಮರುದಿನವೇ ಅವರು ಮೆಟ್ಟಿಲ ಬುಡದಲ್ಲಿ. ನಾನೇನು ಅಂದ್ಕೊಳ್ಲಿ, ನೀವೇ ಹೇಳಿ."

"ಅಯ್ಯೋ ದೇವರೇ!" ಮೇಷ್ಟ್ರು ಎದ್ದು ನಿಂತರು. "ನಾನು ಅವರನ್ನ... ಕಾಲ್ಮಾನ್, ನಾನು ಅವರನ್ನ ಹೊತ್ಕೊಂಡು ಆಸ್ಪತ್ರೆಗೆ ಓಡಾಡಿದೋನು. ಅವರ ಉಗುರು ಕತ್ತರಿಸ್ತಿದ್ದೋನು ನಾನು! ನಕಲು ಬರಿ ಅಂದಿದ್ದೇ ಅವರು!"

"ಅವರೇ?"

"ಅವರ ಕೈ ನಡುಗ್ತಿತ್ತು, ಇಂಥ ನಾಜೂಕು ಕೆಲಸ ಆಗ್ತಿರಲಿಲ್ಲ. ಚೌಕಟ್ಟಿನ ರಿಪೇರಿ ಅಂತ ಹೇಳಿ ಅಸಲೀನ ಇಲ್ಲಿಗೆ ತಂದ್ರು. 'ಬಾರ್ಣಾ, ಲೋಟ ಹಿಂದಕ್ಕೆ ಹೋಗಬಾರದು ಅನ್ನೋರು ಇದಾರೆ. ವಿಚಾರಣೆಗೆ ಮುಂಚೆ ಚಿತ್ರಕ್ಕೆ ಏನಾದ್ರೂ ಆಗುತ್ತೆ. ಆಗೋದಾದ್ರೆ ನಕಲಿಗೆ ಆಗಲಿ' ಅಂದ್ರು. ನಾಲ್ಕು ಹಗಲು ಕೂತು ಬರೆದೆ. ಪಕ್ಕದಲ್ಲೇ ಕೂತು ನೆರಿಗೆ ನೆರಿಗೆಗೂ ಬೈದ್ರು. ಕೊನೆಗೆ ಏನಂದ್ರು ಗೊತ್ತಾ? 'ಇದು ನನ್ನದಕ್ಕಿಂತ ಸ್ವಲ್ಪ ಕೆಟ್ಟದಾಗಿದೆ, ಪರವಾಗಿಲ್ಲ' ಅಂದ್ರು." ಮೇಷ್ಟ್ರು ತೋಳಿನಿಂದ ಮುಖ ಒರೆಸಿಕೊಂಡರು. "ನಲವತ್ತು ವರ್ಷದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಹೊಗಳಿಕೆ ಅದು."

"ಹಾಗಾದ್ರೆ ಸಾರಂಗದ ಮೇಲೆ ಬಿಳಿ ಬಳಿದು ಎಲೆ ಯಾಕೆ ಬರೆದ್ರಿ?"

ಅಷ್ಟು ಹೊತ್ತು ಹೆದರಿದ್ದ ಮನುಷ್ಯನ ಮುಖ ಒಮ್ಮೆಲೇ ಬದಲಾಯಿತು. ಕೊಲೆಯ ಆರೋಪಕ್ಕೆ ಬಾರದ ಸಿಟ್ಟು ಈಗ ಬಂತು.

"ಬಿಳಿನಾ? ನಾನಾ?"

"ಪದಕದ ಒಳಗೆ. ದಪ್ಪಗೆ."

"ಬಿಳಿ ಬಣ್ಣವಂತೆ!" ಮೇಷ್ಟ್ರು ಕಪಾಟಿನ ಕೆಳಖಾನೆ ಎಳೆದು ಕಾಗದದ ಕಟ್ಟೊಂದನ್ನು ನನ್ನ ತೊಡೆಯ ಮೇಲೆ ಎಸೆದರು. "ನೋಡು. ನೋಡೋ! ನಕಲಿಗೆ ಕೈ ಹಾಕೋ ಮುಂಚೆ ಮಾಡಿದ ಅಭ್ಯಾಸ ಇದು."

ಹದಿನಾಲ್ಕು ಹಾಳೆ. ಎಲ್ಲದರಲ್ಲೂ ಒಂದೇ ಸಾರಂಗ, ಒಂದೇ ಮುರಿದ ಕೊಂಬು. ಕೊಂಬಿನ ಹೊಳಪು, ಮೈಯ ಹೊಳಪು ಎಲ್ಲವೂ ಬಿಟ್ಟ ಕಾಗದ. ಎಲ್ಲಿಯೂ ಬಿಳಿಯ ಒಂದು ಚುಕ್ಕೆಯಿಲ್ಲ. ಬೆರಳಾಡಿಸಿದೆ. ನುಣುಪಾಗಿತ್ತು.

"ಸೆಪ್ಟೆಂಬರ್ ಒಂದನೇ ತಾರೀಖು ಗೋಡೆಗೆ ಹಾಕಿದಾಗ ಸಾರಂಗ ಅಲ್ಲಿತ್ತು," ಎಂದರು. "ನಾನೇ ಕಣ್ಣಾರೆ ನೋಡಿದೀನಿ. ಆ ಬಿಳಿ ನನ್ನದಲ್ಲ."

ನನ್ನ ತಲೆಯೊಳಗೆ ಒಂದು ಗಂಟು ಬಿಚ್ಚಿಕೊಂಡಿತು. ಮಾಮನ ಕಾರ್ಡಿನ 'ಕೈಯಾಡಿಸಿದ್ದಾರೆ' ಎಂಬ ಮಾತನ್ನು ನಾನು ಚಿತ್ರ ಬದಲಾಯಿಸಿದ್ದಾರೆಂದು ಓದಿಕೊಂಡಿದ್ದೆ. ಬದಲಾಯಿಸಿದವರು ಅವರೇ. ಅವರು ಹೇಳಹೊರಟಿದ್ದು ಈ ಬಿಳಿಯ ಬಗ್ಗೆ. ಮೂರನೇ ಕೈಯೊಂದು ಮ್ಯೂಸಿಯಂನ ಒಳಗೇ ಚೌಕಟ್ಟು ಬಿಚ್ಚಿ, ಸಾರಂಗವನ್ನು ಮುಚ್ಚಿ, ಮತ್ತೆ ಮೊಳೆ ಹೊಡೆದಿತ್ತು. ಆ ಕೈಗೆ ಅದು ನಕಲು ಎಂದು ಗೊತ್ತಿರಲಿಲ್ಲ. ಅಸಲಿಯನ್ನೇ ಕೆಡಿಸಿದೆನೆಂದು ನಿಶ್ಚಿಂತೆಯಿಂದಿತ್ತು.

ಆ ಮಂಗಳವಾರ ಮಾಮ ಅದನ್ನು ನೋಡಿದರು. ಸುಮ್ಮನಿರುವ ಜಾಯಮಾನ ಅವರದಲ್ಲ. ಯಾರಿಗೋ ಎದುರಾಗಿ, ನೀವು ಕೆಡಿಸಿದ್ದು ನಕಲು ಕಣ್ರೋ, ಅಸಲಿ ಭದ್ರವಾಗಿದೆ ಎಂದು ಹೇಳಿಬಿಟ್ಟಿರಬೇಕು. ಮರುದಿನ ಆ ಯಾರೋ ಅಸಲಿಯನ್ನು ಹುಡುಕಿಕೊಂಡು ಈ ಮೆಟ್ಟಿಲು ಹತ್ತಿ ಬಂದರು.

"ಅಸಲಿ ಈಗ ಎಲ್ಲಿದೆ ಮೇಷ್ಟ್ರೇ?"

ಅವರು ನೆಲದ ಸೋಪನ್ನು ಈಗ ಎತ್ತಿಕೊಂಡರು.

"ಸೋಮವಾರ ಕೋರ್ಟಿಗೆ ಹೋಗೋದು ಎಲೆಬಳ್ಳಿ ಚಿತ್ರ. ನೀವು ಬಾಯಿಬಿಡದಿದ್ರೆ ಮಾಮ ಸತ್ತಿದ್ದೂ ದಂಡ."

"ಎರಡು ಹಲಗೆ ಮಧ್ಯೆ ಇಟ್ಟು, ಮೇಣದ ಬಟ್ಟೆ ಸುತ್ತಿ, ರೆಬೆಕಾ ಮನೇಲಿ ಇಟ್ಟಿದಾರೆ," ಎಂದರು ಕಡೆಗೆ. "ಬುರ್ಯಾನ್‌ಗೂ ಗೊತ್ತಿಲ್ಲ. ಅವನ ಬಾಯಿ ದೊಡ್ಡದು ಅಂತ ಮಾಮ ಅವನಿಗೆ ಹೇಳಬೇಡ ಅಂದಿದ್ರು."

"ನೀವು ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ."

ತೀರಾ ಬೇಗ ಬಂತು ಆ ಉತ್ತರ. ಅವರ ಕಿವಿ ಕೆಂಪಾಗಿತ್ತು. ಆಗಲೇ ಒಣಗಿದ್ದ ಕುಂಚವೊಂದನ್ನು ತೆಗೆದುಕೊಂಡು ಮತ್ತೆ ಒರೆಸತೊಡಗಿದರು. ಐವತ್ತು ದಾಟಿದ ಒಂಟಿ ಗಂಡಸಿನ ಕಿವಿ ಕೆಂಪಾಗುವುದು ಸುಳ್ಳಿಗೊಂದಕ್ಕೇ ಅಲ್ಲ, ಹೆಣ್ಣಿನ ನೆನಪಿಗೂ ಹೌದು ಎಂಬುದು ನನಗೆ ಆಗ ಹೊಳೆಯಬೇಕಿತ್ತು. ಆದರೆ ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

ಗಾಬೊರ್‌ಗಳ ಬೀದಿಯಲ್ಲಿ ಪ್ರತಿ ಮನೆಯ ಸೂರಿಗೂ ತಗಡಿನ ಗೋಪುರ, ತಗಡಿನ ಹಕ್ಕಿ. ಮರುದಿನ ಶನಿವಾರ, ಅವರ ಪಂಥದಲ್ಲಿ ವಿಶ್ರಾಂತಿಯ ದಿನ, ಹಾಗಾಗಿ ಹೆಂಗಸರೆಲ್ಲ ಇವತ್ತೇ ಅಂಗಳ ತೊಳೆದು ಅಡುಗೆ ಮುಗಿಸುವ ಗಡಿಬಿಡಿಯಲ್ಲಿದ್ದರು. ನನ್ನ ಕಾರು ಕಂಡದ್ದೇ ಪೊರಕೆಗಳು ನಿಂತವು.

ರೆಬೆಕಾ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಎಲೆಕೋಸು ಬೇಯುವ ವಾಸನೆ. ಅರವತ್ತಕ್ಕೆ ಒಂದು ಕಮ್ಮಿ. ತಲೆಗೆ ಹೂವಿನ ವಸ್ತ್ರ, ಎರಡು ಬೂದು ಜಡೆ. ಆ ಚಿತ್ರದ ಹುಡುಗಿಯ ಗದ್ದ ಮಾತ್ರ ಹಾಗೇ ಉಳಿದಿತ್ತು. ಎಲೆಕೋಸಿನ ಎಲೆಯೊಳಗೆ ಅಕ್ಕಿ, ಮಾಂಸದ ಹೂರಣ ತುಂಬಿ ಸುರುಳಿ ಸುತ್ತುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡಳು.

"ಬಾಪ್ಪ, ಕೂತ್ಕೋ. ಕಾಫಿ ಕುಡೀತೀಯಾ? ನೀನು ಬರ್ತೀಯ ಅಂತ ಗೊತ್ತಿತ್ತು."

"ಅಕ್ಕಾ, ನಿನ್ನ ಹತ್ತಿರ ಒಂದು ವಸ್ತು ಇದೆ."

"ಆ ಚಿತ್ರ ಬರೆಯೋವಾಗ ಮೂರು ದಿನ ಕೂರಿಸಿದ್ರಪ್ಪ ಅಂಬ್ರುಶ್," ಎಂದಳು, ನನ್ನ ಮಾತು ಕೇಳಿಸದವಳಂತೆ ಕಾಫಿ ಬಗ್ಗಿಸುತ್ತ. "ನಮ್ಮತ್ತೆ ಬಾಗಿಲಲ್ಲೇ ನಿಂತು ಕಾಯ್ತಿದ್ಲು. ಹೊರಗಿನ ಗಂಡಸು ಹೊಸ ಸೊಸೇನ ದಿಟ್ಟಿಸಿ ನೋಡೋದು ಅಂದ್ರೇನು! 'ನನ್ನ ನೋಡಬೇಡಮ್ಮ, ಲೋಟ ನೋಡ್ತಾ ಕೂತ್ಕೋ' ಅಂದ್ರು. ಅದಕ್ಕೇ ಕಣ್ಣು ಕೆಳಗಿರೋದು. ಜನ ಏನೋ ನಾಚಿಕೆ ಅಂತಾರೆ. ನಾಚಿಕೆ ಎಲ್ಲಿ ಬಂತು, ಸೊಂಟ ಬಿದ್ದೋಗಿತ್ತು." ನಕ್ಕಳು. "ಒಳ್ಳೇ ಮನುಷ್ಯ. ಸತ್ತರೂ ನಮಗೆ ಉಪಕಾರ ಮಾಡಿ ಸತ್ತರು. ಈಗ ಚಿತ್ರ ನಿಮ್ಮ ಸ್ಟೇಷನ್ನಲ್ಲಿ ಭದ್ರ ತಾನೆ? ಒದ್ದೆ ಗೋಡೆ ಪಕ್ಕ ಇಟ್ಟಿಲ್ಲ ತಾನೆ?"

ಕಾಫಿಯ ಬಟ್ಟಲು ನನ್ನ ತುಟಿಯ ಹತ್ತಿರ ನಿಂತಿತು.

"ಯಾವ ಚಿತ್ರ ಅಕ್ಕಾ?"

"ಇದೊಳ್ಳೆ ಆಯ್ತು! ಬೆಳಿಗ್ಗೆ ನೀನೇ ಕಳಿಸಿದ್ಯಲ್ಲ, ಪೊಲೀಸಮ್ಮನ್ನ? ಎಂಟು ಗಂಟೆಗೆ, ಬ್ರೆಡ್ಡಿನ ವ್ಯಾನು ಬರೋ ಹೊತ್ತಿಗೆ. ಮಂಚದ ಕೆಳಗಿಂದ ನಾನೇ ತೆಗೆದುಕೊಟ್ಟೆ."

"ಹೇಗಿದ್ಲು?"

"ಸ್ಕಾರ್ಫ್ ಮುಖದ ತನಕ ಕಟ್ಟಿದ್ಲು, ಕಪ್ಪು ಕನ್ನಡಕ. ಒಳ್ಳೇ ಮಾತಿನೋಳು. ಬಟ್ಟೆ ಬಿಚ್ಚಿ ಒಂದ್ಸಲ ನೋಡಿದ್ಲು. ಬೆರಳು ತಾಗಿಸಲೇ ಇಲ್ಲ, ಮಗೂನ ಎತ್ತೋ ಹಾಗೆ ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿದ್ಲು. ಆಮೇಲೆ ಅತ್ತಳು ಕಣಪ್ಪ. ನಿಜವಾಗ್ಲೂ ಕಣ್ಣೀರು ಬಂತು ಅವಳಿಗೆ."

ನಮ್ಮ ಠಾಣೆಯಲ್ಲಿ ಹೆಂಗಸರೇ ಇಲ್ಲ.

ಎರಡೂ ಅಂಗೈ ಕೊಟ್ಟು ಕಾಗದ ಎತ್ತುವ ಹೆಂಗಸನ್ನು ನಾನು ಅಂದೇ ಹತ್ತು ಗಂಟೆಗೆ ಮ್ಯೂಸಿಯಂನಲ್ಲಿ ನೋಡಿದ್ದೆ. ಎಂಟರಿಂದ ಹತ್ತರವರೆಗೆ ಎಮೆಶೆ ಎಲ್ಲಿದ್ದಳೋ ನನಗೆ ಗೊತ್ತಿಲ್ಲ. ಆದರೆ ಅಸಲಿಯನ್ನು ಕೈಗೆ ತೆಗೆದುಕೊಂಡ ಹೆಂಗಸು ಎರಡೇ ಗಂಟೆಯಲ್ಲಿ, ಇದು ನಕಲು ನೋಡಿ ಎಂದು ತಾನೇ ಪೊಲೀಸನಿಗೆ ಯಾಕೆ ತೋರಿಸುತ್ತಾಳೆ? ಅವಳಲ್ಲವಾದರೆ ಕಾಗದವನ್ನು ಹಾಗೆ ಎತ್ತಲು ಬಲ್ಲ ಇನ್ನೊಬ್ಬ ಹೆಂಗಸು ಯಾರು?

"ಅಕ್ಕಾ, ಪೊಲೀಸು ಅಂತ ಅವಳು ಹೇಳಿದ ತಕ್ಷಣ ಹೇಗೆ ನಂಬಿದೆ?"

"ಸುಮ್ಮನೆ ನಂಬ್ತೀನಾ? ಕಾಗದ ಕೊಡು ಅಂದೆ. ಕೊಟ್ಟಳು." ಮೇಜಿನ ಖಾನೆಯಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಹರವಿದಳು. "ನನಗೆ ಓದೋಕೆ ಬರಲ್ಲ. ಮುದ್ರೆ ನೋಡಿದೆ. ದುಂಡಗಿದೆ, ಸರಿಯಾಗಿದೆ."

ಮುದ್ರೆ ನಮ್ಮ ಠಾಣೆಯದ್ದೇ. ವಸ್ತು ವಶಪಡಿಸಿಕೊಂಡಾಗ ಕೊಡುವ ರಸೀತಿ. ಕೆಳಗೆ ಸಹಿ.

ಆಗ ಹಿಂದಿನಿಂದ ಒಂದು ಕೈ ಬಂದು ಹಾಳೆಯನ್ನು ಎತ್ತಿಕೊಂಡಿತು. ಬುರ್ಯಾನ್ ಯಾವಾಗ ಒಳಗೆ ಬಂದಿದ್ದನೋ, ಎಷ್ಟು ಕೇಳಿಸಿಕೊಂಡಿದ್ದನೋ! ನಿಂತಲ್ಲೇ ಗಟ್ಟಿಯಾಗಿ ಓದಿದ.

"'ಜಲವರ್ಣ ಚಿತ್ರ ಒಂದು. ಮದುವೆಯ ದೃಶ್ಯ. ಹೆಚ್ಚಿನ ತನಿಖೆಗಾಗಿ ವಶಕ್ಕೆ ಪಡೆಯಲಾಗಿದೆ. ಕಾಲ್ಮಾನ್ ರಾಟ್ಸ್, ಇನ್ಸ್‌ಪೆಕ್ಟರ್.'" ಓದಿ ಮುಗಿಸಿ ತಾಯಿಯ ಕಡೆ ನೋಡಿದ. "ಅಮ್ಮಾ, ಅಸಲಿ ಚಿತ್ರ ನಮ್ಮ ಮನೇಲಿತ್ತಾ? ನಮ್ಮ ಮನೇಲಿ?"

ರೆಬೆಕಾ ಅಕ್ಕ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಆ ಸಲ ಲೋಟ ಕೊಟ್ಟ ಹಾಗೇ ಮತ್ತೆ ಮುದ್ರೆ ನೋಡಿ ಕೊಟ್ಟುಬಿಟ್ನಾ?" ಎಂದಳು. ಯಾರನ್ನು ಕೇಳಿದಳೋ ತಿಳಿಯದು.

"ಪಿಟೀಲು," ಬುರ್ಯಾನ್ ನನ್ನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಾಯೆನಿಸುತ್ತಿತ್ತು. "ಈ ಸಹಿ ಯಾರೋ ನಕಲು ಮಾಡಿದ್ದು ಅಂತ ಹೇಳಿ. ನಂಬೋಕೆ ನೋಡ್ತೀನಿ."

ಹಾಳೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದೆ. 'ಕಾಲ್ಮಾನ್' ಎಂಬುದರ ಕೊನೆಯಲ್ಲಿ ಪೆನ್ನು ಒಮ್ಮೆ ತಡವರಿಸಿ ಶಾಯಿ ಹರಡಿತ್ತು. ಕಳೆದ ವಸಂತದಲ್ಲಿ, ನಾನು ಹಳ್ಳಿಗಳ ಸುತ್ತಾಟಕ್ಕೆ ಹೋಗುವ ಮುನ್ನ, ಠಾಣೆಯ ಕೆಲಸ ನಿಲ್ಲದಿರಲೆಂದು ಹತ್ತು ಖಾಲಿ ರಸೀತಿಗಳಿಗೆ ಸಹಿ ಹಾಕಿಕೊಟ್ಟಿದ್ದೆ. ಹಾಗೆ ಕೇಳಿದವರು ನಮ್ಮ ಠಾಣೆಯ ಮುಖ್ಯಸ್ಥರು. ಆ ರಸೀತಿಗಳಿದ್ದ ಅವರ ಕಪಾಟಿನ ಬೀಗದ ಕೈ ಅವರ ಕೊರಳಲ್ಲೇ ಇರುತ್ತದೆ.

ನಕಲು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೊರಗೆ ನನ್ನ ಕಾರಿತ್ತು.

"ನಕಲಲ್ಲ," ಎಂದೆ. "ಸಹಿ ನನ್ನದೇ."

ಬುರ್ಯಾನ್ ತಲೆಯಾಡಿಸಿದ. ನಿಧಾನವಾಗಿ ಬಾಗಿಲ ಬಳಿ ಹೋಗಿ ಒಳಗಿನಿಂದ ಅಗುಳಿ ಜಡಿದ. ಕಿಟಕಿಯ ಹೊರಗೆ ಅಗಲ ಟೋಪಿಗಳು ಒಂದೊಂದಾಗಿ ಸೇರತೊಡಗಿದ್ದವು.